ಚೀಟಿಯ ಹಿಂಬದಿ

ಹೊಳೆದಂಡೆಯ ಮಠದಲ್ಲಿ ಒಬ್ಬ ಗುರು. ಊರವರಿಗೆಲ್ಲ ಅವರು ಅಜ್ಜಾರು. ಇಂಗ್ಲಿಷ್ ಪದಗಳಿಗೆ ಕನ್ನಡದ ಅರ್ಥ ಕೂಡಿಸಿ ಕೋಶ ಕಟ್ಟುವುದು ಅವರು ಹಿಡಿದ ಕೆಲಸ.

ಅದಕ್ಕೊಂದು ಕಟ್ಟಳೆ ಇತ್ತು. ಒಂದು ಅರ್ಥಕ್ಕೆ ಒಂದು ಚೀಟಿ. ಮುಂಬದಿಗೆ ಅರ್ಥ ಬರೆಯಬೇಕು, ಹಿಂಬದಿಗೆ ಆ ಮಾತು ಯಾರ ಬಾಯಿಂದ ಕೇಳಿದ್ದೋ ಅವರ ಹೆಸರು. ಚೀಟಿಗಳೆಲ್ಲ ತೇಗದ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯ ಕೀಲಿಕೈ ಅಜ್ಜಾರ ಉಡಿದಾರದಲ್ಲಿ.

ಕಣ್ಣು ಪೂರಾ ಮಂಜಾದ ವರ್ಷ ಅಜ್ಜಾರು ಇಬ್ಬರು ಶಿಷ್ಯರನ್ನು ಕರೆದರು.

"ಕೀಲಿಕೈ ಇನ್ನು ನಿಮ್ಮಲ್ಲಿ ಒಬ್ಬರಿಗೆ. ಇಂಗ್ಲಿಷಿನ 'ಕೀಪ್' ಅನ್ನೋ ಪದ ತಗೊಳ್ಳಿ. ಹದಿನೈದು ದಿನ. ಇಬ್ಬರೂ ಬೇರೆ ಬೇರೆ ಮಾಡಿ ತರ್ರಿ."

ವಿರುಪಣ್ಣನಿಗೆ ಇದು ಹಿಡಿಸಲಿಲ್ಲ. ಅವನು ಮಠಕ್ಕೆ ಬಂದು ಹನ್ನೊಂದು ವರ್ಷ. ಇನ್ನೊಬ್ಬ ಕೊಟ್ರಯ್ಯ, ಬಂದು ಎರಡೇ ವರ್ಷ. ಹನ್ನೊಂದನ್ನೂ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆಯೇ?

ಹಾಕಿದ್ದರು.

ವಿರುಪಣ್ಣ ಕೋಣೆ ಸೇರಿ ಮೂರು ದಪ್ಪ ನಿಘಂಟು ಹರವಿಕೊಂಡ. ಇಟ್ಟುಕೊಳ್ಳು, ಕಾಪಾಡು, ರಕ್ಷಿಸು, ಪಾಲಿಸು, ತಡೆ, ಮುಂದುವರಿಸು. ನಾಲ್ಕೇ ದಿನಕ್ಕೆ ಮೂವತ್ತೊಂದು ಚೀಟಿ. ಹಿಂಬದಿಗಳೆಲ್ಲ ಖಾಲಿ. ಪುಸ್ತಕದಿಂದ ಇಳಿಸಿದ್ದಕ್ಕೆ ಯಾರ ಹೆಸರು ಬರೆಯುವುದು? ಹನ್ನೊಂದು ವರ್ಷದಿಂದ ಅವನ ರೂಢಿಯೇ ಅದು. ಚೀಟಿ ಮಗುಚಿ ನೋಡುವ ಅಭ್ಯಾಸವೇ ಅವನ ಕೈಗಿರಲಿಲ್ಲ.

ಕೊಟ್ರಯ್ಯ ಊರು ತಿರುಗಿದ.

"ಏನಲೇ, ಎಷ್ಟಾತು?" ಎಂದು ವಿರುಪಣ್ಣ ಒಂದು ದಿನ ಕೇಳಿದ.

"ಐದು ಅಣ್ಣಾ."

"ಐದಾ! ಇಷ್ಟು ದಿನ ತಿರುಗಿ ಐದಾ?"

"ಏನ್ ಮಾಡ್ಲಿ? 'ಕೀಪ್' ಅಂದಕೂಡಲೇ ಊರವರು ನಗ್ತಾರ. ಅವರಿಗೆ ಗೊತ್ತಿರೋದು ಒಂದೇ ಅರ್ಥ, ಅದನ್ನ ಅಜ್ಜಾರ ಮುಂದ ಓದೋ ಹಂಗಿಲ್ಲ."

ಒಳಗಿಂದ ಅಜ್ಜಾರು ಗಹಗಹಿಸಿ ನಕ್ಕರು. ಹನ್ನೊಂದು ವರ್ಷದಲ್ಲಿ ತನ್ನ ಒಂದು ಮಾತಿಗೂ ಅವರು ಹಾಗೆ ನಕ್ಕದ್ದು ವಿರುಪಣ್ಣನಿಗೆ ನೆನಪಿಲ್ಲ. ತನ್ನ ಅಂಗಡಿಯಲ್ಲಿ ಸರಕು ಸೂರು ಮುಟ್ಟಿರುವಾಗ ಎದುರಿನ ಪುಟ್ಟ ಅಂಗಡಿಗೆ ಜನ ನುಗ್ಗುವುದನ್ನು ನೋಡುತ್ತ ಕೂತವನ ಸಂಕಟ ಅವನದಾಯಿತು.

ಹದಿನಾಲ್ಕನೇ ದಿನ ಮಧ್ಯಾಹ್ನ ಕೊಟ್ರಯ್ಯ ಹೊಳೆಗೆ ಮೀಯಲು ಹೋದ. ಅವನ ಚೀಟಿಗಳು ಚಾಪೆಯ ಮೇಲೆ ದಾರ ಕಟ್ಟಿಕೊಂಡು ಬಿದ್ದಿದ್ದವು. ವಿರುಪಣ್ಣ ದಾರ ಬಿಚ್ಚಿದ.

ಒಟ್ಟು ಒಂಬತ್ತು.

'ಕೀಪ್: ಸಾಕು. ದುರುಗಿ ಕೋಳಿ ಸಾಕ್ಯಾಳ.'

'ಕೀಪ್: ಕೆಡದೆ ತಾಳು. ಈ ಉಪ್ಪಿನಕಾಯಿ ವರ್ಷ ತಾಳತೈತಿ.'

'ಕೀಪ್: ಹೊಟ್ಟೆಯಲ್ಲಿ ಇಟ್ಟುಕೋ. ಯಾರಿಗೂ ಅನಬ್ಯಾಡ, ಹೊಟ್ಟ್ಯಾಗ ಇಟ್ಕೋ.'

ವಿರುಪಣ್ಣ ಒಂದೊಂದನ್ನೂ ಎರಡೆರಡು ಸಲ ಓದಿದ. ತನ್ನ ಮೂವತ್ತೊಂದೂ ಸರಿಯಾಗಿದ್ದವು. ಇವು ಉಸಿರಾಡುತ್ತಿದ್ದವು. ಸರಕು ಬಲ್ಲವನಿಗೆ ಸರಕು ತೋರಿಸಿ ಹೇಳಬೇಕಾಗಿಲ್ಲ.

ಒಂಬತ್ತನೆಯದರ ಮೇಲೆ ಕಣ್ಣು ನಿಂತೇಬಿಟ್ಟಿತು.

'ಕೀಪ್: ಬಿಟ್ಟು ಹೋಗದೆ ಪಕ್ಕದಲ್ಲಿರು. ನೀ ಮಲಗು, ನಾ ಇಲ್ಲೇ ಕುಂತಿರ್ತೀನಿ.'

ಎಲ್ಲೋ ಕೇಳಿದ ಮಾತು ಅನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ. ಮೂರು ನಿಘಂಟಿನಲ್ಲಂತೂ ಇರಲಿಲ್ಲ. ಕೀಲಿಕೈ ಕೊಡಿಸುವ ಚೀಟಿ ಇದೇ ಎಂದು ಮಾತ್ರ ಖಾತ್ರಿಯಾಯಿತು.

ಮೆಟ್ಟಿಲ ಮೇಲೆ ಒದ್ದೆ ಕಾಲಿನ ಸದ್ದು. ಅದೊಂದನ್ನು ಸೊಂಟಕ್ಕೆ ಸಿಕ್ಕಿಸಿ, ಉಳಿದ ಎಂಟಕ್ಕೆ ದಾರ ಸುತ್ತಿಟ್ಟ. ಕೋಣೆಗೆ ಹೋಗಿ ತನ್ನ ಅಕ್ಷರದಲ್ಲಿ ಇಳಿಸಿಕೊಂಡ. ಇದು ಪುಸ್ತಕದ ಮಾತಲ್ಲ, ಹಿಂಬದಿಗೆ ಒಂದು ಹೆಸರು ಬೇಕಲ್ಲ. ಹರಿಗೋಲು ನಡೆಸುವ ಹುಲಿಗೆಪ್ಪ ನೆನಪಿಗೆ ಬಂದ. ಅದನ್ನೇ ಬರೆದ. ಮೂಲ ಚೀಟಿಯನ್ನು ಅಡುಗೆಮನೆಯ ಒಲೆಗೆ ಹಾಕಿದ.

ಮರುದಿನ ಅಜ್ಜಾರು ಜಗುಲಿಯಲ್ಲಿ ಕೂತರು. "ಹಿರಿಯ ಮೊದಲು ಓದಲಿ."

ವಿರುಪಣ್ಣ ಮೂವತ್ತೊಂದನ್ನೂ ಓದಿದ. ಪ್ರತಿ ಚೀಟಿಗೂ ಅಜ್ಜಾರು, "ಹಿಂಬದಿ?" ಎಂದರು. ಪ್ರತಿ ಚೀಟಿಗೂ ವಿರುಪಣ್ಣ, "ಪುಸ್ತಕದ್ದು ಅಜ್ಜಾರೆ" ಎಂದ. ಅಜ್ಜಾರು ಹ್ಞೂಂ ಎಂದರು.

ಆಮೇಲೆ ಅವನು ಮೂವತ್ತೆರಡನೆಯದು ತೆಗೆದ.

ಅಜ್ಜಾರು ತಲೆ ಎತ್ತಿದರು. "ಇನ್ನೊಂದು ಸಲ ಓದು."

"ನೀ ಮಲಗು, ನಾ ಇಲ್ಲೇ ಕುಂತಿರ್ತೀನಿ."

"ಭೇಷ್! ಹಿಂಬದಿ?"

"ಹರಿಗೋಲಿನ ಹುಲಿಗೆಪ್ಪ."

"ಹುಲಿಗೆಪ್ಪ? ಹತ್ತಿಸಿಕೊಂಡವರನ್ನ ಯಾವಾಗ ಇಳಿಸೇನೋ ಅನ್ನೋ ಮನುಷ್ಯ ಅವನು. ಅವನ ಬಾಯಾಗ ಈ ಮಾತಾ?"

ಕೊಟ್ರಯ್ಯ ಮುಂದಕ್ಕೆ ಬಾಗಿ ಕೂತ. "ಹುಲಿಗೆಪ್ಪನೂ ಅಂದನಾ ಅಣ್ಣಾ? ನನ್ನ ಕಟ್ಟಿನಾಗೂ ಇದೇ ಮಾತು ಇತ್ತು. ನಿನ್ನೆಯಿಂದ ಆ ಚೀಟಿ ಸಿಗವಲ್ದು."

"ನೀ ಯಾರ ಬಾಯಿಂದ ಕೇಳಿದ್ಯೋ?" ಎಂದರು ಅಜ್ಜಾರು.

"ಇವರಿಂದಲೇ ಅಜ್ಜಾರೆ."

"ಯಾರಿಂದ?"

"ವಿರುಪಣ್ಣನಿಂದ. ನಾ ಮಠಕ್ಕ ಬಂದ ಹೊಸದರಾಗ ಜ್ವರ ಬಂದು ಮೂರು ದಿನ ಬಿದ್ದಿದ್ದೆ. ಯಾರೂ ಗುರ್ತಿಲ್ಲ, ಊರಿಗೆ ಹೋಗ್ತೀನಿ ಅಂತ ಅತ್ತೆ. ಆವಾಗ ಅಂದರು. ಅಂದು, ಕುಂತರು. ಗಂಜಿಗೋಸ್ಕರ ಅಡುಗೆಯವನ ಕೂಡ ಜಗಳಾನೂ ಆಡಿದರು." ಕೊಟ್ರಯ್ಯ ನಕ್ಕ. "ಹಿಂಬದಿಗೆ ಅವರ ಹೆಸರೇ ಬರೆದಿದ್ದೆ. ನಿಮ್ಮ ಮುಂದ ಓದಿದಾಗ ಅಣ್ಣಗ ಖುಷಿ ಆಗಲಿ ಅಂತ ಕಡೀಗೆ ಇಟ್ಟಿದ್ದೆ."

ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

ಚೀಟಿ ಇನ್ನೂ ವಿರುಪಣ್ಣನ ಕೈಯಲ್ಲೇ ಇತ್ತು. ಅಜ್ಜಾರು ಕೈ ಚಾಚಿ ಅದನ್ನು ಇಸಿದುಕೊಂಡರು. ಮಗುಚಿದರು. ಹಿಂಬದಿ ಮೇಲೆ ಮಾಡಿ ಅವನ ಮುಂದೆ ಇಟ್ಟು, ಲೇಖನಿಯನ್ನು ಅದರ ಪಕ್ಕಕ್ಕೆ ಸರಿಸಿದರು.

"ಹುಲಿಗೆಪ್ಪನ ಹೆಸರು ಹೊಡೆದುಹಾಕು. ಮಾತಿನ ಯಜಮಾನ ಸಿಕ್ಕ."

ವಿರುಪಣ್ಣ ಲೇಖನಿ ಮುಟ್ಟಲಿಲ್ಲ.

"ಆ ಯಜಮಾನ ಈಗ ಈ ಮಠದಾಗ ಇಲ್ಲ ಅಜ್ಜಾರೆ."

ಅಜ್ಜಾರು ಉಡಿದಾರದ ಗಂಟು ಬಿಚ್ಚುತ್ತ ಹೇಳಿದರು:

"ಹಂಗಾದ್ರ ಹೋಗಿ ಕರಕೊಂಡು ಬಾ. ಅಲ್ಲೀತನಕ ಕೀಲಿಕೈ ಕೊಟ್ರಯ್ಯನ ಹತ್ರ ಇರಲಿ."