ಗಡಿಕಲ್ಲಿನ ಅಭಯ

ವಿಮಾನ ನಿಲ್ದಾಣದ ಎರಡನೇ ರನ್‌ವೇಗೆಂದು ಪೊದೆಗಳನ್ನೆಲ್ಲ ಸವರಿಹಾಕಿದಾಗ, ತಾಯಿ ಮುಂಗುಸಿಯೊಂದು ತನ್ನ ಮೂರು ಮರಿಗಳೊಡನೆ ನಿಲ್ದಾಣದ ಅಂಚಿನ ಗಡಿಕಲ್ಲಿನ ಬಳಿಗೆ ಬಂದಿತು.

"ಅಯ್ಯಾ, ನಿಮ್ಮ ಆಚೆಗೆ ಬಿಲ ತೋಡಿಕೊಳ್ಳಲೇ? ಯಂತ್ರಗಳು ಅಲ್ಲಿಗೂ ಬಂದಾವೇ?"

"ನಾನು ಗಡಿ," ಎಂದಿತು ಕಲ್ಲು. "ನನ್ನನ್ನು ದಾಟಿ ಯಾವ ಯಂತ್ರವೂ ಬಾರದು. ನಿಶ್ಚಿಂತೆಯಿಂದಿರು."

ಮುಂಗುಸಿ ಬಿಲ ತೋಡಿತು. ಆದರೂ ಅದಕ್ಕೆ ನೆಮ್ಮದಿಯಿಲ್ಲ. ವಿಮಾನ ಇಳಿದು ನೆಲ ನಡುಗಿದಾಗಲೆಲ್ಲ ಹೊರಗೋಡಿ ಬಂದು, ಕಲ್ಲು ಅಲ್ಲೇ ಇದೆಯೇ ಎಂದು ನೋಡುತ್ತಿತ್ತು.

ಒಂದು ಬೆಳಿಗ್ಗೆ ಕಲ್ಲು ಇರಲಿಲ್ಲ. ಕೆಲಸಗಾರರು ಅದನ್ನು ಕಿತ್ತು ಮುನ್ನೂರು ಮಾರು ಆಚೆಗೆ ನೆಟ್ಟಿದ್ದರು. ಬುಲ್ಡೋಜರ್ ಬಿಲದತ್ತಲೇ ಬರುತ್ತಿತ್ತು. ಮುಂಗುಸಿ ಎರಡು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹಳ್ಳ ದಾಟಿಸಿತು. ಮೂರನೆಯದರೊಂದಿಗೆ ಓಡುತ್ತಿದ್ದಾಗ ಹೊಸ ಜಾಗದಿಂದ ಕಲ್ಲು ಕೂಗಿತು: "ಎಲ್ಲಿಗೆ ಓಡುವೆ? ಇಲ್ಲೇ ನಿಲ್ಲು! ನನ್ನನ್ನು ದಾಟಿ ಈವರೆಗೆ ಯಾರಾದರೂ ಬಂದಿದ್ದಾರೆಯೇ?"

ಮುಂಗುಸಿ ಏದುಸಿರು ಬಿಡುತ್ತ ಮರಿಯನ್ನು ಕೆಳಗಿಳಿಸಿತು.

"ಇಲ್ಲ ಅಯ್ಯಾ, ನಿಮ್ಮನ್ನು ದಾಟಿ ಯಾರೂ ಬರಲಿಲ್ಲ. ನಿಮ್ಮನ್ನೇ ಎತ್ತಿಕೊಂಡು ಬಂದರು."

ಇಷ್ಟು ಹೇಳಿ ಅದು ಮರಿಯನ್ನು ಮತ್ತೆ ಕಚ್ಚಿಕೊಂಡು, ಕಲ್ಲು ಕಣ್ಣಿಗೆ ಕಾಣದಷ್ಟು ದೂರ ನಡೆಯಿತು.