ಹಸಿರು ದಾರದ ಹೊಲಿಗೆ

ಹೊಳೆಯ ಆಚೆ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮವೆಂದರೆ ನಾಲ್ಕು ಕೋಣೆ, ಒಂದು ಅಡುಗೆಮನೆ, ಒಂದು ಬೇವಿನ ಮರ. ಅಲ್ಲಿ ಅಕ್ಕೋರು ಫೋಟೊ ತೆಗೆಯುವುದನ್ನು ಕಲಿಸುತ್ತಿದ್ದರು.

ಕಲಿಸುತ್ತಿದ್ದರು ಅನ್ನುವುದೂ ಹೆಚ್ಚಾಯಿತು. ಬಂದವರನ್ನು ಒಂದು ತಿಂಗಳು ಇಟ್ಟುಕೊಳ್ಳುತ್ತಿದ್ದರು. ಕೊನೆಯ ದಿನ ಒಂದೇ ಒಂದು ಚಿತ್ರ ತೋರಿಸಬೇಕು. ಒಪ್ಪಿದರೆ ಶಿಷ್ಯೆ. ಇಲ್ಲವಾದರೆ ಸಂಜೆಯ ದೋಣಿ.

ವನಮಾಲಾ ಕೆಲಸ ಬಿಟ್ಟು ಬಂದಿದ್ದಳು. ಬರುವಾಗ ಮನೆಯಲ್ಲಿ ಎಲ್ಲರೊಂದಿಗೂ ಜಗಳವಾಡಿ, ಬಾಗಿಲನ್ನು ಜೋರಾಗಿಯೇ ಎಳೆದುಕೊಂಡು ಬಂದಿದ್ದಳು. ಯಾವ ಮುಖ ಹೊತ್ತು ಆ ದೋಣಿ ಹತ್ತುವುದು?

ಕೊನೆಯ ದಿನ ಬೆಳಿಗ್ಗೆ ತನ್ನ ಚಿತ್ರವನ್ನು ಅಕ್ಕೋರ ಮುಂದಿಟ್ಟಳು. ತುಂಬೆ ಹೂವಿನ ಮೇಲೊಂದು ಇರುವೆ. ಪಕ್ಕದಲ್ಲೊಂದು ಇಬ್ಬನಿ ಹನಿ. ಹನಿಯೊಳಗೆ ಇಡೀ ಹೊಳೆ, ತಲೆಕೆಳಗಾಗಿ.

ಅಕ್ಕೋರು ಬಹಳ ಹೊತ್ತು ನೋಡಿದರು.

"ಈ ಇರುವಿಗೆ ಎಷ್ಟು ಕಾಲು?"

"ಆರು. ಎಡಗಡೆ ನಡುವಿನದರ ತುದಿ ಮುರಿದಿದೆ."

"ಭೇಷ್. ಕಣ್ಣು ಐತಿ ನಿನಗ."

ವನಮಾಲಾ ಹಿಗ್ಗಿದಳು.

"ನಿನ್ನ ಚೀಲದ ಪಟ್ಟಿ ಹೊಲಿದವರು ಯಾರು?"

"ಪಟ್ಟಿ ಹರಿದಿತ್ತಾ?"

ಅಕ್ಕೋರು ಚಿತ್ರವನ್ನು ಬೋರಲು ಹಾಕಿದರು. "ದೋಣಿ ಬಿಡೂದರಾಗ ಹೇಳು."

ವನಮಾಲಾ ಕ್ಯಾಮೆರಾ ಚೀಲವನ್ನು ಹೆಗಲಿಂದ ಇಳಿಸಿ ನೋಡಿದಳು. ಕರಿಯ ಪಟ್ಟಿಯ ಮೇಲೆ ಹಸಿರು ದಾರ, ಇರುವೆ ಸಾಲಿನಂಥ ಸಣ್ಣ ಹೊಲಿಗೆ. ಎಷ್ಟು ದಿನದಿಂದ ಇದನ್ನು ಹೊತ್ತು ತಿರುಗುತ್ತಿದ್ದಳೋ!

ಆಶ್ರಮದಲ್ಲಿ ಇದ್ದವರು ಆರು ಜನ, ಇರುವೆಯ ಕಾಲಿನಷ್ಟೇ. ಅವಳಿಗೆ ಹೆಸರು ಗೊತ್ತಿದ್ದದ್ದು ಇಬ್ಬರದು. ತಿಂಗಳು ಪೂರ್ತಿ ಜೊತೆಗೆ ಉಂಡು ಈಗ ಒಬ್ಬೊಬ್ಬರನ್ನೇ ಹಿಡಿದು ವಿಚಾರಿಸುವುದಕ್ಕೆ ನಾಚಿಕೆಯಾಯಿತು.

ಹೊಲಿಗೆಯನ್ನೇ ಮತ್ತೆ ನೋಡಿದಳು. ತಾನೇ ಹೊಲಿದುಕೊಂಡಿದ್ದ ಕುರ್ತಾದ ಅಂಚನ್ನು ಪಟ್ಟಿಯ ಪಕ್ಕ ಹಿಡಿದು ನೋಡಿದಳು. ಅವಳ ಹೊಲಿಗೆ ಒಂದು ಕಡೆ ವಾಲಿತ್ತು. ಹಸಿರು ದಾರದ್ದು ಅದಕ್ಕೆ ವಿರುದ್ಧ.

ಎಡಗೈಯವರು!

ಮಧ್ಯಾಹ್ನ ಪಂಕ್ತಿಯಲ್ಲಿ ಕೂತು, ಮೊದಲ ಸಲ, ತಟ್ಟೆ ಬಿಟ್ಟು ಕೈಗಳನ್ನು ನೋಡಿದಳು. ಎಲ್ಲ ಬಲಗೈ. ಉಣ್ಣುವುದಕ್ಕೆ, ಬಡಿಸುವುದಕ್ಕೆ ಎಡಗೈ ಮುಂದೆ ಮಾಡುವವರಾದರೂ ಯಾರು? ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

ಹಿಟ್ಟು ಮೆತ್ತಿದ ಎಡಗೈ ಏಳುತ್ತಿತ್ತು, ಬೀಳುತ್ತಿತ್ತು.

"ಅಮ್ಮಾ, ನಿಮ್ಮ ಹೆಸರೇನು?"

"ಕಾಶವ್ವ. ಯಾಕವ್ವ, ಉಪ್ಪು ಕಡಿಮಿ ಆತೇನು?"

"ಈ ಪಟ್ಟಿ ಹೊಲಿದದ್ದು ನೀವೇನಾ?"

"ಹೌದವ್ವ. ಚೀಲ ಬೇವಿನ ಕಟ್ಟಿ ಮ್ಯಾಲೆ ಇಟ್ಟಿದ್ದಿ. ಪಟ್ಟಿ ಎಳಿ ಬಿಟ್ಟಿತ್ತು. ಅಷ್ಟು ತುಟ್ಟಿ ಸಾಮಾನು, ಹೊಳ್ಯಾಗ ಬಿದ್ದರ ಏನ್ ಗತಿ ಅಂತ ಹೊಲದೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಾಕ ಬಂದಿದ್ದೆ. ನೀ ತುಂಬಿ ಗಿಡದ ಮುಂದ ಬಗ್ಗಿ ಕುಂತಿದ್ದಿ. ನೆರಳು ಬೀಳ್ತದೆ, ಆಚೆ ಹೋಗಿ ಅಂದಿ." ಕಾಶವ್ವ ರೊಟ್ಟಿ ತಿರುವಿ ಹಾಕಿದಳು. "ಹೋದೆ."

ವನಮಾಲಾಗೆ ಆ ಬೆಳಗು ನೆನಪಾಯಿತು. ಒಂದು ನೆರಳು ಸರಿದಿತ್ತು. ಹನಿ ಹೊಳೆದಿತ್ತು. ಬೋರಲು ಬಿದ್ದಿದ್ದ ಚಿತ್ರ ಅದೇ.

ಕ್ಯಾಮೆರಾ ತೆಗೆದಳು.

"ಅಯ್ಯ, ಮಾರಿ ತುಂಬ ಹಿಟ್ಟೈತಿ!" ಕಾಶವ್ವ ಮೊಣಕೈಯಿಂದ ಹಣೆ ಒರೆಸಿಕೊಂಡು, ಒರೆಸಿದ್ದಕ್ಕಿಂತ ಹೆಚ್ಚು ಮೆತ್ತಿಕೊಂಡು, ನಕ್ಕಳು.

ವನಮಾಲಾ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಒಲೆಯ ಪಕ್ಕ ಕೂತಳು. ಬೆಳಕು ಕಿಟಕಿಯಿಂದ ಇಳಿದು ಹೋಗುವವರೆಗೂ ಕೂತೇ ಇದ್ದಳು.

ಸಂಜೆ ಅಕ್ಕೋರು ಹೊಳೆಯ ಮೆಟ್ಟಿಲ ಮೇಲಿದ್ದರು. ದೋಣಿ ಬಂದು ನಿಂತಿತ್ತು.

"ಯಾರು?"

"ಕಾಶವ್ವ. ಎಡಗೈಯವರು. ಆ ಕೈಯ ಕಿರುಬೆರಳು ಮಡಚೋದಿಲ್ಲ. ರೊಟ್ಟಿ ತಿರುವುವಾಗ ಉಸಿರು ಹಿಡಿಯುತ್ತಾರೆ. ಬಿಸಿ ಬಿಸಿ ಎಲ್ಲ ನಮಗೆ ಕಳಿಸಿ, ಸೀದದ್ದನ್ನ ಸೆರಗಿನ ಮರೆಗೆ ಇಟ್ಟುಕೊಳ್ಳುತ್ತಾರೆ."

"ಫೋಟೊ?"

"ತೆಗೀಲಿಲ್ಲ."

"ಬರೋರು ಯಾರರ ಅದೀರೇನ್ರೀ?" ದೋಣಿಯವನು ಕೂಗಿದ.

ಅಕ್ಕೋರು ಇಲ್ಲವೆಂದು ಕೈಯಾಡಿಸಿದರು. ದೋಣಿ ದಂಡೆ ಬಿಟ್ಟಿತು. ಅದು ನಡುಹೊಳೆ ಮುಟ್ಟುವತನಕ ವನಮಾಲಾ ನೋಡುತ್ತ ನಿಂತಳು.

"ಹಾಗಾದರೆ ನಾನು ಇಲ್ಲಿ ಇರಬಹುದಾ, ಅಕ್ಕೋರೇ?"

"ನನ್ನ ಯಾಕ ಕೇಳ್ತಿ? ಕಾಶವ್ವನ್ನ ಕೇಳು. ತಿಂಗಳು ಪೂರ್ತಿ ನಿನ್ನ ನೋಡಿದಾಕಿ ಆಕಿ."