ನಲ್ಲಿ ಹಾಕಲು ಬಂದವರು

"ಗುರುಗಳೇ, ಮನೆ ಪಾಲಾದ ಮೇಲೆ ಮಾತು ಬಿಟ್ಟಿದ್ದ ಅಣ್ಣ ಈವತ್ತು ತಾನಾಗಿಯೇ ಬಂದು, ಮಗಳ ಮದುವೆಗೆ ಬಾ ಎಂದು ಕರೆದ. ಉತ್ತರಕ್ಕಾಗಿ ಮಠದ ಹೊರಗೆ ನಿಂತಿದ್ದಾನೆ. ಇದರ ಹಿಂದೆ ಏನಿರಬಹುದು?" ಎಂದು ಶಿಷ್ಯ ಶಂಭುಲಿಂಗ ಕೇಳಿದ.

ಗುರುಗಳು ಹಣೆ ಒತ್ತಿಕೊಂಡರು. "ಏನಾದರೂ ಇರಲೇಬೇಕು, ಅಲ್ಲವೇ? ಕೇಳು ಹಾಗಾದರೆ.

"ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಮನೆಗೆ ನಲ್ಲಿ ಇರಲಿಲ್ಲ. ಕೆಳಗಿನ ಬೀದಿಯಿಂದ ನೀರು ಹೊತ್ತು ಹೊತ್ತು ಹೆಂಡತಿಯ ಮಂಡಿ ಸೋತುಹೋಗಿತ್ತು. ಇನ್ನು ನನ್ನ ಕೈಲಾಗದು ಎಂದು ಒಂದು ದಿನ ಕೊಡ ಇಳಿಸಿ ಮೆಟ್ಟಿಲ ಮೇಲೆಯೇ ಅತ್ತಳು. ದರ್ಜಿ ಪುರಸಭೆಗೆ ಅಲೆದ. ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಊಟಕ್ಕೆ ಹೋಗಿದ್ದಾರೆ, ವರ್ಗವಾಗಿ ಹೋಗಿದ್ದಾರೆ. ಅಂತೂ ಹೋಗಿದ್ದಾರೆ. ಕೊನೆಗೆ ದಾರಿಯುದ್ದಕ್ಕೂ ಜಗಳ ಅಭ್ಯಾಸ ಮಾಡಿಕೊಂಡೇ ಹೋಗುವುದು ಅವನಿಗೆ ರೂಢಿಯಾಯಿತು.

"ಒಂದು ಸೋಮವಾರ ಹೋದರೆ ಕುರ್ಚಿಯಲ್ಲಿ ಹೊಸ ಅಧಿಕಾರಿ. ಕೂರಿಸಿದರು, ಕೇಳಿದರು, ರುಜು ಹಾಕಿದರು. ನಾಳೆ ಬೆಳಿಗ್ಗೆ ಆಳುಗಳು ಬರುತ್ತಾರೆ, ಮನೆಯಲ್ಲಿರಿ ಎಂದರು. ದರ್ಜಿ ಬಾಯಿಗೆ ಬಂದಿದ್ದ ಜಗಳವನ್ನೆಲ್ಲ ನುಂಗಿಕೊಂಡು ಮನೆಗೆ ಬಂದ. ಸಂತೋಷವಾಗಬೇಡವೇ? ಆಗಲಿಲ್ಲ. ಇಷ್ಟು ಸಲೀಸಾಗಿ ಮಾಡಿಕೊಟ್ಟರೆಂದರೆ ಇದರಲ್ಲಿ ಏನೋ ಇದೆ ಎಂದು ಊಟವನ್ನೂ ಸರಿಯಾಗಿ ಮಾಡಲಿಲ್ಲ.

"ಬೆಳಿಗ್ಗೆ ಆಳುಗಳು ಪೈಪು, ಹಾರೆ ಹಿಡಿದು ಬಂದೇಬಿಟ್ಟರು. ಈ ಪುಣ್ಯಾತ್ಮ ಅವರನ್ನು ಹೊಸ್ತಿಲ ಹೊರಗೇ ನಿಲ್ಲಿಸಿದ. ತಡೆಯಿರಿ, ನೀವು ಯಾಕೆ ಬಂದಿರಿ ಎಂದು ಕಚೇರಿಯಲ್ಲಿ ವಿಚಾರಿಸಿಕೊಂಡು ಬರುತ್ತೇನೆ ಎಂದು ಮತ್ತೆ ಪುರಸಭೆಗೆ ಓಡಿದ. ನಲ್ಲಿ ಮನೆ ಬಾಗಿಲಿಗೆ ಬಂದಿದೆ, ಇವನು ಅದೇ ಹಳೆಯ ಬೆಂಚಿನ ಮೇಲೆ ಹೋಗಿ ಕೂತಿದ್ದಾನೆ. ಏನು ಹೇಳೋಣ ಇಂಥವನಿಗೆ.

"ಮಧ್ಯಾಹ್ನ ತಿರುಗಿ ಬಂದಾಗ ಅಂಗಳದಲ್ಲಿ ಕೊಡ ತುಂಬಿ ಹರಿಯುತ್ತಿತ್ತು. ಅವನು ಹೋದದ್ದೇ ತಡ, ಹೆಂಡತಿ ಆಳುಗಳನ್ನು ಒಳಗೆ ಕರೆದು ಕೆಲಸ ಮುಗಿಸಿಕೊಂಡಿದ್ದಳು. ವಿಚಾರಿಸಿದ್ದು ಆಯಿತೇ ಎಂದು ಗಂಡನನ್ನು ಕೇಳಿ, ತುಂಬಿದ ಕೊಡ ಎತ್ತಿಕೊಂಡು ಒಳಗೆ ಹೋದಳು."

ಗುರುಗಳು ಕತೆ ನಿಲ್ಲಿಸಿದರು.

"ಅದೆಲ್ಲ ಸರಿ ಗುರುಗಳೇ. ಆದರೆ ಆ ಅಧಿಕಾರಿ ಯಾಕೆ ಹಾಗೆ ಮಾಡಿದರು?"

"ನಿನ್ನ ಅಣ್ಣ ಇನ್ನೂ ಬಿಸಿಲಲ್ಲೇ ನಿಂತಿದ್ದಾನೆ ಕಣಯ್ಯಾ" ಎಂದರು ಗುರುಗಳು.